ಕುಂಚಕ್ಕೆ ಅನ್ನ ಹಾಕಿದ ಕಸುಬು

ಚಿತ್ರಕಲಾವಿದರ ಬಣ್ಣ, ಶೈಲಿ, ಪ್ರಶಸ್ತಿಗಳ ಬಗ್ಗೆ ನಮ್ಮಲ್ಲಿ ಪುಟಗಟ್ಟಲೆ ಬರಹ ಸಿಗುತ್ತದೆ. ಅವರು ಏನು ಮಾರಿ ಮನೆಬಾಡಿಗೆ ಕಟ್ಟಿದರು ಎಂದು ಯಾರೂ ಕೇಳುವುದಿಲ್ಲ. ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ ಕಲೆಯ ಬಗ್ಗೆ ನಡೆಯುವ ವಿಚಾರ ಸಂಕಿರಣ ಆ ಪ್ರಶ್ನೆಯನ್ನೇ ಮೊದಲು ಕೈಗೆತ್ತಿಕೊಂಡರೆ ಚೆನ್ನ. ಅದಕ್ಕೆ ಚಿತ್ರಕಲಾವಿದ ಎಸ್.ಜಿ. ವಾಸುದೇವ್ ಅವರ ವೃತ್ತಿಬದುಕು ಒಳ್ಳೆಯ ದಾರಿ ತೋರುತ್ತದೆ.

1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಾಸುದೇವ್ ಕಲೆ ಕಲಿಯಲು ಹೋದದ್ದು ಮದರಾಸಿನ ಸರ್ಕಾರಿ ಕಲಾಶಾಲೆಗೆ. ಅಲ್ಲಿನ ಗುರು ಕೆ.ಸಿ.ಎಸ್. ಪಣಿಕ್ಕರ್ ಅವರನ್ನು ಕಾಡುತ್ತಿದ್ದದ್ದು ಒಂದೇ ಚಿಂತೆ: ಓದು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಯಾವುದೋ ನೌಕರಿ ಹಿಡಿದು ಕುಂಚ ಬಿಟ್ಟುಬಿಡುತ್ತಿದ್ದರು. ಗುರು-ಶಿಷ್ಯರು ಕೂಡಿ ಬಾಟಿಕ್ ಬಟ್ಟೆ, ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಆ ದುಡ್ಡಿನಿಂದ ಮದರಾಸಿನ ಹತ್ತಿರದ ಇಂಜಂಬಾಕ್ಕಂ ಕಡಲತೀರದಲ್ಲಿ ಜಮೀನು ಕೊಂಡರು. 1966ರಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ತಲೆಯೆತ್ತಿತು. ಸರ್ಕಾರ ಕಟ್ಟಿಕೊಟ್ಟದ್ದಲ್ಲ, ಶ್ರೀಮಂತರು ದಾನ ಕೊಟ್ಟದ್ದೂ ಅಲ್ಲ. ಅದರ ಸ್ಥಾಪಕ ಸದಸ್ಯರಲ್ಲಿ ವಾಸುದೇವ್ ಒಬ್ಬರು.

ಕಸುಬು ಕಲೆಯನ್ನು ಕೆಡಿಸುತ್ತದೆ ಎಂಬ ಭಯ ಆಗಲೂ ಇತ್ತು, ಈಗಲೂ ಇದೆ. ವಾಸುದೇವ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ತಾಮ್ರದ ಉಬ್ಬುಚಿತ್ರಗಳನ್ನು ನೋಡಿದರೆ ಲೋಹ ಬಡಿದ ಕೈಯೇ ಕ್ಯಾನ್ವಾಸಿನ ಮೇಲೂ ಓಡಾಡಿದೆ ಎನ್ನಿಸುತ್ತದೆ. ಹೆಸರು ತಂದ 'ವೃಕ್ಷ' ಸರಣಿಗೆ ಧಾರವಾಡದ ಕವಿ ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷ ಪ್ರೇರಣೆ. ಮದರಾಸಿನಲ್ಲಿದ್ದರೂ ಬೇರು ಧಾರವಾಡದ ಕಡೆಗೇ ಚಾಚಿತ್ತು.

ಸಿನಿಮಾ ಕೂಡ ಬಂತು. 1970ರ 'ಸಂಸ್ಕಾರ' ಚಿತ್ರಕ್ಕೆ ಅವರದೇ ಕಲಾ ನಿರ್ದೇಶನ. ಸೆನ್ಸಾರ್ ಮೊದಲು ತಡೆದ ಆ ಚಿತ್ರಕ್ಕೇ ಆಮೇಲೆ ರಾಷ್ಟ್ರಪ್ರಶಸ್ತಿ ಸಿಕ್ಕಿತು!

ಪತ್ನಿ, ಕಲಾವಿದೆ ಅರ್ನವಾಜ್ 1988ರಲ್ಲಿ ತೀರಿಕೊಂಡರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ವಾಸುದೇವ್ ಅಲ್ಲಿ ರೇಷ್ಮೆ ನೇಕಾರ ಸುಬ್ಬರಾಯುಲು ಅವರ ಜೊತೆಗೂಡಿ ತಮ್ಮ ಚಿತ್ರಗಳನ್ನು ಮಗ್ಗಕ್ಕೆ ಏರಿಸಿದರು. ವಿದ್ವಾಂಸರು ಈ ನೇಯ್ದ ಚಿತ್ರಗಳನ್ನು ಅವರ ವೃತ್ತಿಯ ಅಡಿಟಿಪ್ಪಣಿಯಂತೆ ನೋಡುವುದುಂಟು. ಅದು ತಪ್ಪು. ಚಿತ್ರ ಬರೆದವನೂ ನೇಯ್ದವನೂ ಒಂದೇ ಕೃತಿಯ ಎದುರು ಸಮನಾಗಿ ಕೂತ ಉದಾಹರಣೆಗಳು ನಮ್ಮಲ್ಲಿ ವಿರಳ.

ಈ ಮಾತನ್ನು ಕೊಪ್ಪಳ ಜಿಲ್ಲೆಯಲ್ಲಿ ಆಡುವುದಕ್ಕೆ ಕಾರಣವಿದೆ. ಇದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಗಾಗಿ ಹಗುರ ಪೊಳಕಿ ಮರ ಕೆತ್ತುತ್ತಾರೆ. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ 'ಕಿಟ್ಟ' ಮಾಡುತ್ತಾರೆ. ಬೆಣಚುಕಲ್ಲಿನ ಪುಡಿಯ ಲೇಪದಲ್ಲಿ ಆಭರಣಗಳನ್ನು ಉಬ್ಬಿಸಿ, ಆಮೇಲೆ ಬಣ್ಣ ಹಚ್ಚುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಚಿತ್ರಗಳನ್ನು ಬರೆದವರು ಇವರ ಹಿರಿಯರೇ ಎಂಬ ನಂಬಿಕೆಯೂ ಇದೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಆದರೆ ಕೊಳ್ಳುವವರು ಊರಿನ ಹೆಸರು ಹೇಳುತ್ತಾರೆಯೇ ಹೊರತು ಮಾಡಿದವರ ಹೆಸರು ಕೇಳುವುದು ಅಪರೂಪ. ಚೋಳಮಂಡಲದವರು ಕಸುಬಿನ ದುಡ್ಡಿನಲ್ಲಿ ತಮ್ಮ ಹೆಸರನ್ನೂ ನೆಲವನ್ನೂ ಉಳಿಸಿಕೊಂಡರು. ಕಿನ್ನಾಳದಲ್ಲಿ ಅದಕ್ಕಿಂತ ಹಳೆಯ ಕಸುಬಿದೆ, ಹೆಸರಿಲ್ಲ.

ಹಾಗಾಗಿ ಸಾಣಾಪುರದ ಗೋಷ್ಠಿಗಳು ಸೌಂದರ್ಯಮೀಮಾಂಸೆಗೆ ಇಳಿಯುವ ಮೊದಲು ಮೂರು ಒರಟು ಲೆಕ್ಕ ಕೇಳಬೇಕು. ಗೊಂಬೆಯ ಬೆಲೆಯಲ್ಲಿ ಕೆತ್ತಿದವರಿಗೆ ಎಷ್ಟು ಪಾಲು? ಬಣ್ಣ ಹಚ್ಚಿದವರು ತಮ್ಮ ಸಹಿ ಹಾಕಬಹುದೇ? ಕಲಾಶಾಲೆಯ ಪಠ್ಯದಲ್ಲಿ ಕಿಟ್ಟ ಕಲಸುವ ಪಾಠಕ್ಕೆ ಜಾಗವಿದೆಯೇ?