ಸ್ವಾರ್ಥಿ ಯಂತ್ರಗಳ ಸಹಕಾರ



ಸರಕಿಗೆ ಬೆಲೆ ಕಟ್ಟುವ ಕಾರ್ಯವನ್ನೂ ಈಗ ಗಣಕಯಂತ್ರಗಳಿಗೆ ಒಪ್ಪಿಸಲಾಗುತ್ತಿದೆ. ಒಂದೊಂದು ಯಂತ್ರವೂ ತನ್ನೊಡೆಯನ ಲಾಭವನ್ನಷ್ಟೇ ನೋಡತಕ್ಕದ್ದು. ಇಂತಹ ಸ್ವಾರ್ಥಿಗಳು ಎದುರುಬದುರಾದಲ್ಲಿ ಸಹಕಾರವು ಹುಟ್ಟೀತೆ ಎಂಬುದೇ ನಾವು ಈ ಹೊತ್ತು ವಿಚಾರಿಸತಕ್ಕ ವಿಷಯ.

ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ರಾಬರ್ಟ್ ಆಕ್ಸೆಲ್‌ರಾಡ್ ಎಂಬವರು 1980ರಲ್ಲಿ ಒಂದು ಪಂದ್ಯದ ಫಲಿತವನ್ನು ಪ್ರಕಟಿಸಿದರು. ವಿದ್ವಾಂಸರು ಬರೆದು ಕಳುಹಿಸಿದ 14 ತಂತ್ರಗಳು ಗಣಕಯಂತ್ರದೊಳಗೆ ಪರಸ್ಪರ ಸೆಣಸಿದ್ದವು. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ; ಇಬ್ಬರೂ ವಂಚಿಸಿದರೆ ತಲಾ 1; ಒಬ್ಬನು ನಂಬಿ ಇನ್ನೊಬ್ಬನು ವಂಚಿಸಿದರೆ ವಂಚಕನಿಗೆ 5, ನಂಬಿದವನಿಗೆ ಸೊನ್ನೆ. ಒಂದೇ ಸಲದ ಆಟವಾದರೆ ವಂಚನೆಯೇ ಲಾಭಕರ. ಆದರೆ ಇಲ್ಲಿ ಒಬ್ಬನೇ ಎದುರಾಳಿಯೊಡನೆ 200 ಸಲ ಆಡಬೇಕು. ಇಂದಿನ ವಂಚನೆಗೆ ನಾಳೆ ಉತ್ತರ ಬರುತ್ತದೆ. ಗೆದ್ದುದು ಅನಾಟೊಲ್ ರಾಪೊಪೋರ್ಟರು ಕಳುಹಿಸಿದ, ಎಲ್ಲಕ್ಕೂ ಸರಳವಾದ ತಂತ್ರ: ಮೊದಲ ಸಲ ಸಹಕರಿಸು, ಆಮೇಲೆ ಎದುರಾಳಿಯು ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡು. ಎರಡನೆಯ ಪಂದ್ಯಕ್ಕೆ 62 ತಂತ್ರಗಳು ಬಂದಾಗಲೂ ಗೆಲುವು ಅದಕ್ಕೇ. ಸೋಜಿಗವೆಂದರೆ, ಈ ತಂತ್ರವು ಯಾವ ಎದುರಾಳಿಗಿಂತಲೂ ಹೆಚ್ಚು ಅಂಕ ಪಡೆಯಲಾರದು. ಎಲ್ಲರೊಡನೆಯೂ ಚೆನ್ನಾಗಿ ಬಾಳಿದ್ದರಿಂದಲೇ ಮೊತ್ತದಲ್ಲಿ ಅದು ಮೇಲಾಯಿತು.

ಇದಕ್ಕೆ ಕನ್ನಡದಲ್ಲಿ ಹೊಸ ಹೆಸರು ಬೇಕಾಗಿಲ್ಲ. ಮುಯ್ಯಿ ಎಂದರೆ ಸಾಕು. ಮದುವೆಯ ಉಡುಗೊರೆಗೆ ಪ್ರತಿಯಾಗಿ ಕೊಡುವುದೂ ಮುಯ್ಯಿ, ಹಗೆ ತೀರಿಸುವುದೂ ಮುಯ್ಯಿ. ನೆರೆಯವರ ಗದ್ದೆಗೆ ಮುಯ್ಯಾಳಾಗಿ ಹೋದವರಿಗೆ ಈ ಗಣಿತವನ್ನು ನಾವು ಕಲಿಸಬೇಕಾದುದಿಲ್ಲ.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಇಟಲಿಯ ನಾಲ್ವರು ಅರ್ಥಶಾಸ್ತ್ರಜ್ಞರು 2020ರಲ್ಲಿ ಬೇರೊಂದು ಪ್ರಯೋಗವನ್ನು ಪ್ರಕಟಿಸಿದರು. ಅನುಭವದಿಂದ ತಾವಾಗಿಯೇ ಕಲಿಯಬಲ್ಲ ಕೃತಕ ಬುದ್ಧಿಗಳನ್ನು ಒಂದು ಕಲ್ಪಿತ ಮಾರುಕಟ್ಟೆಯಲ್ಲಿ ಬೆಲೆ ಕಟ್ಟಲು ಬಿಟ್ಟರು. ಒಪ್ಪಂದವನ್ನು ಯಾರೂ ಅವಕ್ಕೆ ಕಲಿಸಿರಲಿಲ್ಲ. ತಮ್ಮೊಳಗೆ ಮಾತಾಡುವ ದಾರಿಯೂ ಅವಕ್ಕಿರಲಿಲ್ಲ. ಆದರೂ ಸ್ಪರ್ಧೆಯಲ್ಲಿ ನಿಲ್ಲಬೇಕಾದ ಬೆಲೆಗಿಂತ ಮೇಲಿನ ಬೆಲೆಯನ್ನೇ ಅವು ಹಿಡಿದು ನಿಂತವು! ಒಂದು ಬೆಲೆ ಇಳಿಸಿತೋ, ಇನ್ನೊಂದು ತಾನೂ ಇಳಿಸಿ ದಂಡಿಸುವುದು. ಬಳಿಕ ಎರಡೂ ಮೆಲ್ಲನೆ ಹಳೆಯ ಬೆಲೆಗೇ ಏರುವುವು. ಇದೂ ಮುಯ್ಯಿಯೇ, ಇದೂ ಸಹಕಾರವೇ. ದಂಡ ತೆರುವವನು ಮಾತ್ರ ಆಟದಲ್ಲೇ ಇಲ್ಲದ ಗಿರಾಕಿ.

ವರ್ತಕರು ಒಳಗೊಳಗೇ ಕೂಡಿ ಬೆಲೆ ಕಟ್ಟುವುದನ್ನು ನಮ್ಮ ದೇಶದ 2002ರ ಸ್ಪರ್ಧಾ ಕಾಯಿದೆ ನಿಷೇಧಿಸುತ್ತದೆ. ಆ ಕಾಯಿದೆ ಹುಡುಕುವುದು ಒಡಂಬಡಿಕೆಯನ್ನು. ಪತ್ರವಿಲ್ಲದೆ, ಮಾತಿಲ್ಲದೆ, ಒಡೆಯರಿಗೂ ತಿಳಿಯದೆ ಯಂತ್ರಗಳು ಮಾಡಿಕೊಂಡುದನ್ನು ಒಡಂಬಡಿಕೆಯೆಂದು ಯಾವ ಸಾಕ್ಷಿಯಿಂದ ತೋರಿಸುವುದು? ನಮ್ಮ ಶಾಲೆಗಳಿಂದ ಹೊರಟು ನಾಳೆ ನ್ಯಾಯಶಾಸ್ತ್ರವನ್ನೂ ಯಂತ್ರಶಾಸ್ತ್ರವನ್ನೂ ಓದಲಿರುವ ಮಕ್ಕಳಿಗೆ ಈ ಪ್ರಶ್ನೆಯನ್ನು ಒಪ್ಪಿಸುತ್ತೇವೆ.