ಕೊಂಕಣ ರೈಲು: ಹಳಿ ಮೊದಲೋ, ಸರಕು ಮೊದಲೋ?
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ನೆಲೆಸಿದ ಕರಾವಳಿಯವರಾದ ನಮಗೆ ಊರೆಂದರೆ ಮೊದಲು ನೆನಪಾಗುತ್ತಿದ್ದುದು ದಾರಿಯ ಪ್ರಯಾಸ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು. ಆದರೆ ಬಂದದ್ದು ಕೇರಳದ ಕಡೆಯಿಂದ. ಇಲ್ಲಿಂದ ಹೊರಟವರು ಅದನ್ನು ಹಿಡಿಯಬೇಕಾದರೆ ದಕ್ಷಿಣ ದೇಶವನ್ನೇ ಸುತ್ತಬೇಕು. ಹೀಗಾಗಿ ಬಸ್ಸೇ ಗತಿ. ಮಡಿಲಲ್ಲಿ ಮಗು, ಕಾಲಡಿಯಲ್ಲಿ ಟ್ರಂಕು.

ನೇರ ಹಳಿ ಏಕಿರಲಿಲ್ಲ? ಹೊಳೆ, ಕಣಿವೆ, ಬಂಡೆಗಳಿದ್ದುದು ನಿಜ. ಆದರೆ ಲೆಕ್ಕದ ಅಡ್ಡಿಯೂ ಸಣ್ಣದಲ್ಲ. ಸಾಕಷ್ಟು ಸರಕಿಲ್ಲದ ಸೀಮೆಯಲ್ಲಿ ರೈಲಿನಿಂದ ನಷ್ಟವೆಂದು ಒಂದು ಪಕ್ಷ. ರೈಲೇ ಇಲ್ಲದೆ ಸರಕು ಎಲ್ಲಿಂದ ಹುಟ್ಟೀತೆಂದು ಇನ್ನೊಂದು ಪಕ್ಷ. 1990ರಲ್ಲಿ ಎರಡನೆಯ ಪಕ್ಷದ ಮಧು ದಂಡವತೆಯವರು ಹಣಕಾಸು ಮಂತ್ರಿಗಳು, ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾದ ಫರ್ನಾಂಡಿಸರಿಗೆ ಈ ದಾರಿಯ ಎರಡು ತುದಿಗಳೂ ತಮ್ಮವೇ! ಆ ವರ್ಷವೇ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಬಂಡವಾಳದಲ್ಲಿ ರೈಲ್ವೆಯದು ನೂರಕ್ಕೆ 51 ಪಾಲು, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವೆ-ಕೇರಳಗಳದು ತಲಾ 6. ಮಿಕ್ಕ ಹಣವನ್ನು ಸಾಲಪತ್ರ ಮಾರಿ ಎತ್ತಿದರು.

ಗೋವೆಯಲ್ಲಿ ಜಗಳ ಹತ್ತಿತು. ಅಲ್ಲಿಯ ಖಜಾನ್ ಗದ್ದೆಗಳು ನಮ್ಮ ಕುಮಟೆಯ ಗಜನಿಯಂಥವು. ಉಪ್ಪುನೀರನ್ನು ಕಟ್ಟೆ ಹಾಕಿ ತಡೆದು ಬೆಳೆ ತೆಗೆಯುವ ನೆಲ. ರೈಲಿನ ಏರಿ ನೀರಿನ ಹರಿವಿಗೆ ಅಡ್ಡ ಬಂದರೆ ಗದ್ದೆಗಳು ಹಾಳಾಗುತ್ತವೆ, ದಾರಿಯನ್ನು ಒಳನಾಡಿಗೆ ಸರಿಸಿ ಎಂದು ಅಲ್ಲಿಯವರು ಹಟ ಹಿಡಿದರು. 1993ರಲ್ಲಿ ಕೆಲಕಾಲ ಕೆಲಸ ನಿಂತಿತು, ವಿಚಾರಣೆಯೂ ನಡೆಯಿತು. ಇಲ್ಲಿ ಕುಳಿತ ನಾವು ಅವರನ್ನು ರೈಲಿನ ವೈರಿಗಳೆಂದು ಜರೆದೆವು. ನಮಗೆ ಬೇಕಾಗಿದ್ದುದು ದೀಪಾವಳಿಗೆ ಟಿಕೇಟು. ಅವರಿಗೆ ಮುಂದಿನ ಮಳೆಗಾಲಕ್ಕೆ ಗದ್ದೆ. ಈ ವ್ಯತ್ಯಾಸ ಆಗ ನಮ್ಮ ತಲೆಗೆ ಹೋಗಲಿಲ್ಲ. ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನು?

1998ರ ಜನವರಿ 26ರಂದು ಇಡೀ ಮಾರ್ಗದಲ್ಲಿ ರೈಲು ಸಂಚಾರ ಆರಂಭವಾಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯನ್ನು ದಾಟುವಾಗ ಇಂದಿಗೂ ನಮ್ಮ ಹೆಂಗಸರು ಮಕ್ಕಳನ್ನು ಎಬ್ಬಿಸಿ ನೀರು ತೋರಿಸುತ್ತಾರೆ.

ಈಗಿನ ವಿವಾದ ಬೇರೆ. ಮಾರ್ಗದ ಬಹುಭಾಗದಲ್ಲಿರುವುದು ಒಂದೇ ಹಳಿ. ರೋಹಾದಿಂದ ವೀರ್‌ವರೆಗೆ ಜೋಡಿ ಹಳಿ ಸಿದ್ಧವಾದದ್ದು 2021ರಲ್ಲಿ. ನಿಗಮವು ಭಾರತೀಯ ರೈಲ್ವೆಯಲ್ಲಿ ವಿಲೀನವಾದರೆ ಹಣ ಸುಲಭವಾಗಿ ಬರುವುದೆಂಬುದು ಒಂದು ವಾದ. 2025ರಲ್ಲಿ ಮಹಾರಾಷ್ಟ್ರವೂ ಇದಕ್ಕೆ ಸಮ್ಮತಿಸಿತು. ಆದರೆ ಪಾಲುಹಣ ಕೊಟ್ಟ ರಾಜ್ಯಗಳ ಮಾತಿಗೆ ಆಮೇಲೆ ಬೆಲೆಯಿದ್ದೀತೇ? ವಿಲೀನ ಬೇಕೆಂಬ ನಾವೂ ಇದನ್ನು ಕೇಳಲೇಬೇಕು.

ಜೋಡಿ ಹಳಿಗಾಗಿ ನಮ್ಮ ಮನವಿಯ ಕರಡು ಸಿದ್ಧವಾಗಿದೆ. ಗಜನಿಯ ನೀರು ಹರಿಯಲು ಸಾಕಷ್ಟು ಮೋರಿಗಳಿರಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸಿದ್ದೇವೆ. ಪ್ರತಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ ಸಹಿ ಮಾಡಬೇಕಾಗಿ ವಿನಂತಿ.