ತೀರ್ಪು ಕೊಡುವ ಮುನ್ನ ತರ್ಕಿಸೋಣ

(ಯಾದಗಿರಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯಾದಗಿರಿ, ಶಹಾಪುರ, ಸುರಪುರಗಳ ಜನರಿಗೆ ಶಹಾಪುರದ ಬೆಟ್ಟ ಹೊಸದಲ್ಲ. ಒಂದು ದಿಕ್ಕಿನಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಸ್ಥಳ ಬದಲಿಸಿದರೆ ಬರೀ ಬಂಡೆಗಳ ಸಾಲು. ಹಾಗೆ ಕಾಣುತ್ತದೆಂಬ ಮಾತ್ರಕ್ಕೆ ಯಾವನೋ ಶಿಲ್ಪಿ ಇಡೀ ಬೆಟ್ಟವನ್ನು ಕೆತ್ತಿದನೆಂದು ಯಾರೂ ವಾದಿಸುವುದಿಲ್ಲ. ಕಾಣುವುದು ಬೇರೆ, ಇರುವುದು ಬೇರೆ ಎಂಬ ವಿವೇಕ ನಮಗಿದೆ. ಬೆಟ್ಟದ ವಿಷಯದಲ್ಲಿರುವ ಈ ವಿವೇಕ ಮನುಷ್ಯರ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ತರ್ಕವೆಂದರೆ ಪಂಡಿತರ ಸೊತ್ತೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಮಗುವಿನ ಹಣೆ ಮುಟ್ಟಿ ಜ್ವರವನ್ನು ಊಹಿಸುವ ತಾಯಿ ತರ್ಕಿಸುತ್ತಾಳೆ. ನಾರಾಯಣಪುರ ಜಲಾಶಯದಲ್ಲಿ ನೀರೆಷ್ಟಿದೆಯೆಂದು ವಿಚಾರಿಸಿ, ಭತ್ತ ನಾಟಿ ಮಾಡುವುದೋ ಬಿಡುವುದೋ ಎಂದು ನಿರ್ಧರಿಸುವ ರೈತನೂ ತರ್ಕಿಸುತ್ತಾನೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಹೆಜ್ಜೆ ಇಡುವುದೇ ತರ್ಕ. ಈ ಹೆಜ್ಜೆ ಇಲ್ಲದೆ ಒಂದು ದಿನವೂ ಸಾಗದು.

ಆದರೆ ಹೆಜ್ಜೆ ಜಾರುವುದುಂಟು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ನಿಜ. ಹಾಗೆಂದು ಅಂಗಳ ಒದ್ದೆಯಾಗಿರುವುದರಿಂದ ಮಳೆ ಬಂದಿರಲೇಬೇಕು ಎನ್ನಲಾಗದು. ಯಾರಾದರೂ ನೀರು ಹಾಕಿರಬಹುದು, ನಲ್ಲಿಯ ಪೈಪು ಒಡೆದಿರಬಹುದು. ಅಂಗಳದ ಮಟ್ಟಿಗೆ ಇದು ಸಣ್ಣ ತಪ್ಪು. ಮನುಷ್ಯರ ಮಟ್ಟಿಗೆ ಇದೇ ತಪ್ಪು ಪ್ರಾಣ ತೆಗೆಯುತ್ತದೆ.

2018ರ ಜುಲೈ 13ರಂದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆ, ಔರಾದ್ ತಾಲೂಕಿನ ಮುರ್ಕಿಯಲ್ಲಿ ನಡೆದುದನ್ನು ನೆನೆಯಿರಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿಯಲ್ಲಿ ಜನ ಸೇರಿ ಹೊಡೆದರು. ಯುವ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಜೊತೆಗಿದ್ದವರು ಗಾಯಗೊಂಡರು. ರಕ್ಷಿಸಲು ಮುಂದಾದ ಪೊಲೀಸರಿಗೂ ಪೆಟ್ಟು ಬಿತ್ತು.

ಆ ಗುಂಪಿನ ತರ್ಕವೇನು? 'ಮಕ್ಕಳ ಕಳ್ಳರು ಚಾಕಲೇಟು ಕೊಡುತ್ತಾರೆ. ಇವರು ಚಾಕಲೇಟು ಕೊಟ್ಟರು. ಆದುದರಿಂದ ಇವರು ಮಕ್ಕಳ ಕಳ್ಳರು.' ಒದ್ದೆ ಅಂಗಳದ ವಾದಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಅಜ್ಜನೂ ಮಾವನೂ ಚಾಕಲೇಟು ಕೊಡುತ್ತಾರೆ. ಮಕ್ಕಳನ್ನು ಪ್ರೀತಿಸುವ ಅಪರಿಚಿತನೂ ಕೊಡುತ್ತಾನೆ. 'ಬೇರೆ ಕಾರಣ ಇರಬಹುದೇ?' ಎಂದು ಆ ಗುಂಪು ಒಂದು ಕ್ಷಣ ಯೋಚಿಸಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಇಲ್ಲಿಯೇ ಇನ್ನೊಂದು ಎಚ್ಚರ ಬೇಕು. ಆ ಘಟನೆಯನ್ನು ಮುಂದಿಟ್ಟುಕೊಂಡು 'ಆ ಊರಿನವರೆಲ್ಲ ಹಾಗೆಯೇ' ಎನ್ನುವವನು ಅದೇ ತಪ್ಪಿನ ದಾರಿಯಲ್ಲಿದ್ದಾನೆ. ಕೆಲವರ ಅಪರಾಧವನ್ನು ಎಲ್ಲರ ತಲೆಗೆ ಕಟ್ಟುವುದನ್ನು ನಮ್ಮ ವಿಷಯದಲ್ಲಿ ನಾವು ಖಂಡಿಸುತ್ತೇವೆ. ಇತರರ ವಿಷಯದಲ್ಲೂ ಖಂಡಿಸಬೇಕಲ್ಲವೇ?

ಈಗ ನಮ್ಮ ಮನೆಗಳೊಳಗೆ ಬರೋಣ. 2009ರ ಡಿಸೆಂಬರಿನಲ್ಲಿ ರಚನೆಯಾದ ನಮ್ಮ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 52ರಷ್ಟಿತ್ತು. ರಾಜ್ಯದ ಸರಾಸರಿ ಶೇ. 75. ರಾಜ್ಯದಲ್ಲಿ ಕೊನೆಯ ಸ್ಥಾನ ನಮ್ಮದಾಗಿತ್ತು. ಮಹಿಳೆಯರಲ್ಲಿ ಇದು ಶೇ. 41ರಷ್ಟು ಮಾತ್ರ. ಇದಕ್ಕೆ ಬಡತನ, ದುಡಿಮೆಗಾಗಿ ಗುಳೆ ಹೋಗುವುದು ಮೊದಲಾದ ಕಾರಣಗಳಿವೆ. ಆದರೆ ಮಗಳ ಓದನ್ನು ನಿಲ್ಲಿಸುವಾಗ ನಾವು ಕೊಡುವ ಕಾರಣ ಸಾಮಾನ್ಯವಾಗಿ ಏನು? 'ಇಂಥವರ ಮಗಳು ಕಾಲೇಜಿಗೆ ಹೋಗಿ ಕೆಟ್ಟಳು.' ಒಬ್ಬಳ ಉದಾಹರಣೆಯಿಂದ ಸಾವಿರ ಹೆಣ್ಣುಮಕ್ಕಳ ಭವಿಷ್ಯ ತೀರ್ಮಾನವಾಗುತ್ತದೆ. ಓದಿ ಶಿಕ್ಷಕಿಯಾದವರನ್ನು, ನರ್ಸ್ ಆದವರನ್ನು, ಮಕ್ಕಳಿಗೆ ತಾವೇ ಪಾಠ ಹೇಳುವ ತಾಯಂದಿರನ್ನು ನಾವು ಲೆಕ್ಕಕ್ಕೆ ತಂದುಕೊಂಡೆವೇ? ಓದದೆಯೂ ದುಃಖಕ್ಕೀಡಾದವರೆಷ್ಟು ಎಂದು ಎಣಿಸಿದೆವೇ?

ಒಪ್ಪಿಗೆಯಾದುದನ್ನು ಎಣಿಸಿ ಉಳಿದುದನ್ನು ಮರೆಯುವುದು ಹಳೆಯ ರೋಗ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಬಂಡೆದ್ದು, 1858ರಲ್ಲಿ ಅವರ ಸೆರೆಯಲ್ಲಿದ್ದಾಗ ಗುಂಡೇಟಿನಿಂದ ಅಸುನೀಗಿದರು. ಅರಸರಿಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವಿದೆಯೆಂದು ಜಾತಕ ಹೇಳಿತ್ತು, ಅದು ನಿಜವಾಯಿತು ಎಂದು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಕೇಳಿದವರು ಬೆರಗಾಗುತ್ತಾರೆ. ಆದರೆ ಸುಳ್ಳಾದ ಜಾತಕಗಳನ್ನು ಯಾರು ಬರೆದಿಟ್ಟರು? ನಿಜವಾದ ಒಂದು ಪುಸ್ತಕ ಸೇರಿತು, ಸುಳ್ಳಾದ ಸಾವಿರ ಗಾಳಿಗೆ ಹೋದವು. ತಾಯಿತ, ಮಾಟ, ದೃಷ್ಟಿಯೆಂದು ಹಣ ಸುರಿಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಅದೇ ಘಟನೆ ತರ್ಕದ ಮಿತಿಯನ್ನೂ ತೋರಿಸುತ್ತದೆ. ಆ ಗುಂಡು ಆತ್ಮಹತ್ಯೆಯದೋ, ಆಕಸ್ಮಿಕವೋ, ಕೊಲೆಯೋ? ತರ್ಕ ಈ ಮೂರು ಸಾಧ್ಯತೆಗಳನ್ನು ನಮ್ಮ ಮುಂದಿಡಬಲ್ಲದು. ಯಾವುದು ನಡೆಯಿತೆಂದು ಹೇಳಲು ಸಾಕ್ಷ್ಯ ಬೇಕು. ತರ್ಕ ಬೀಸುಕಲ್ಲಿದ್ದಂತೆ. ಜೋಳ ಹಾಕಿದರೆ ಹಿಟ್ಟು ಕೊಡುತ್ತದೆ. ಕಲ್ಲು ಬೆರೆತ ಜೋಳ ಹಾಕಿದರೆ ಹಿಟ್ಟಿನೊಂದಿಗೆ ಕಲ್ಲೂ ಬರುತ್ತದೆ. ಆರಿಸುವ ಕೆಲಸ ಬೀಸುವವರದು. ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ಅದನ್ನು ಪರಿಶೀಲಿಸದೆ ಯಾರಿಗೂ ಹಾನಿ ಮಾಡಬಾರದೆಂಬ ಕುರ್‌ಆನಿನ ಆದೇಶದಲ್ಲಿ ಈ ಆರಿಸುವ ಕೆಲಸವೇ ಅಡಗಿದೆ.

ಎರಡನೆಯ ಮಿತಿ ಇನ್ನೂ ಗಂಭೀರವಾದುದು. 'ನನ್ನ ಮಗಳಿಗೆ ಎರಡು ಲಕ್ಷ ಕೊಟ್ಟೆ. ಆದುದರಿಂದ ಮಗನಿಗೆ ಎರಡು ಲಕ್ಷ ಪಡೆಯುವುದು ನ್ಯಾಯ' ಎನ್ನುವ ತಂದೆಯ ಲೆಕ್ಕದಲ್ಲಿ ಕೂಡಿಸುವ ತಪ್ಪಿಲ್ಲ. ತಪ್ಪಿರುವುದು ಬುಡದಲ್ಲಿ. ತನಗಾದ ಅನ್ಯಾಯವನ್ನು, ಅದರಲ್ಲಿ ಪಾಲಿಲ್ಲದ ಇನ್ನೊಬ್ಬ ಹೆಣ್ಣಿನ ತಂದೆಯಿಂದ ವಸೂಲು ಮಾಡಬಹುದೆಂದು ಅವನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾನೆ. ಹಾಸಿಗೆ ಹಿಡಿದ ತಾಯಿಯ ಸೇವೆಯನ್ನು ಲಾಭನಷ್ಟದಲ್ಲಿ ತೂಗುವ ಮಗನ ತರ್ಕವೂ ಇಂಥದೇ. ಅಂತಃಕರಣ ಹೇಳಬೇಕಾದುದನ್ನು ತರ್ಕ ಹೇಳಲಾರದು. ಅಂತಃಕರಣ ಸತ್ತಲ್ಲಿ ತರ್ಕ ಕೇವಲ ವಕೀಲನಾಗುತ್ತದೆ, ಯಾರು ಹಣ ಕೊಟ್ಟರೂ ಅವರ ಪರ ವಾದಿಸುತ್ತದೆ.

ಹಾಗೆಂದು ತರ್ಕವನ್ನು ಬಿಸಾಡಬೇಕೇ? ಇಮಾಮ್ ಗಝ್ಝಾಲಿ (1058-1111) ತತ್ವಜ್ಞಾನಿಗಳ ಅತಿರೇಕಗಳನ್ನು ಟೀಕಿಸಿದವರು. ಆದರೆ ತರ್ಕಶಾಸ್ತ್ರವನ್ನು ಅವರು ತಿರಸ್ಕರಿಸಲಿಲ್ಲ. ಅದರ ಬಗ್ಗೆ ಗ್ರಂಥ ಬರೆದರು, ಧರ್ಮಶಾಸ್ತ್ರದ ಮೂಲತತ್ವಗಳ ಕುರಿತ ತಮ್ಮ ಮಹಾಗ್ರಂಥಕ್ಕೆ ಅದನ್ನೇ ಪೀಠಿಕೆಯಾಗಿಟ್ಟರು. ಉಪಕರಣದ ಮಿತಿ ಬಲ್ಲವನೇ ಅದನ್ನು ಸರಿಯಾಗಿ ಬಳಸಬಲ್ಲ.

ಆದುದರಿಂದ ನನ್ನ ವಿನಂತಿ ಇಷ್ಟೇ. ಮೊಬೈಲಿಗೆ ಬಂದ ಸಂದೇಶವನ್ನು ಮುಂದೆ ಕಳುಹಿಸುವ ಮೊದಲು, ನೆರೆಮನೆಯವರ ಬಗ್ಗೆ ಮಾತಾಡುವ ಮೊದಲು, ಮಗಳ ಟಿ.ಸಿ. ತರಲು ಶಾಲೆಗೆ ಹೋಗುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ನನಗೆ ಗೊತ್ತಾದುದು ಹೇಗೆ? ಇದಕ್ಕೆ ಬೇರೆ ಕಾರಣ ಇರಬಹುದೇ? ಉತ್ತರ ಸಿಗದಿದ್ದರೆ ಸುಮ್ಮನಿರುವುದೇ ಲೇಸು. ಸುಮ್ಮನಿದ್ದವನು ನಾಳೆಯೂ ಮಾತಾಡಬಹುದು. ಆಡಿದ ಮಾತಿನಿಂದ ಹೋದ ಜೀವವನ್ನಾಗಲಿ, ನಿಂತುಹೋದ ಓದನ್ನಾಗಲಿ ಮರಳಿ ತರುವುದು ಸುಲಭವಲ್ಲ.